ಆಲ್ಕೇನೋ ಆಲ್ಕೀನೋ: ಅಣುಸೂತ್ರ, ಜ್ವಾಲೆ ಮತ್ತು ಬ್ರೋಮಿನ್ ನೀರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕಾರ್ಬನ್ ಸಂಯುಕ್ತಗಳ ಪಾಠ ನಡೆಯುತ್ತಿದೆ. ಆಲ್ಕೇನುಗಳಲ್ಲಿ ಕಾರ್ಬನ್ ಪರಮಾಣುಗಳ ನಡುವೆ ಏಕಬಂಧಗಳು ಮಾತ್ರ ಇರುತ್ತವೆ, ಆಲ್ಕೀನುಗಳಲ್ಲಿ ಒಂದು ದ್ವಿಬಂಧ ಇರುತ್ತದೆ ಎಂಬಲ್ಲಿಯವರೆಗೆ ಯಾರಿಗೂ ತೊಡಕಿಲ್ಲ. ರಚನಾಸೂತ್ರವನ್ನು ಹಲಗೆಯ ಮೇಲೆ ಬರೆದರೆ ಹಿಂದಿನ ಬೆಂಚಿನ ಮಕ್ಕಳೂ ಸರಿಯಾಗಿ ಗುರುತಿಸುತ್ತಾರೆ. ಆದರೆ ರಚನೆ ಕಣ್ಣಿಗೆ ಕಾಣದೆ, ಬರಿಯ ಅಣುಸೂತ್ರವೋ ಸೀಸೆಯಲ್ಲಿರುವ ಬಣ್ಣವಿಲ್ಲದ ದ್ರವವೋ ಎದುರಿಗೆ ಬಂದಾಗ ಗೊಂದಲ ಶುರುವಾಗುತ್ತದೆ.

ಮೊದಲನೆಯ ಸಂದೇಹ ಅಣುಸೂತ್ರದ ಬಗ್ಗೆ. 6 ಕಾರ್ಬನ್ ಮತ್ತು 12 ಹೈಡ್ರೋಜನ್ ಇರುವ ಹೈಡ್ರೋಕಾರ್ಬನ್ (ಕಾರ್ಬನ್, ಹೈಡ್ರೋಜನ್ ಮಾತ್ರ ಇರುವ ಸಂಯುಕ್ತ) ಯಾವ ಗುಂಪಿಗೆ ಸೇರುತ್ತದೆ ಎಂದು ಕಿರುಪರೀಕ್ಷೆಯಲ್ಲಿ ಕೇಳಿದಾಗ ಹೆಚ್ಚಿನವರು ಹೆಕ್ಸೀನ್, ಆದ್ದರಿಂದ ಆಲ್ಕೀನ್ ಎಂದು ಬರೆದರು. ಒಬ್ಬ ಹುಡುಗಿ ಮಾತ್ರ ಸೈಕ್ಲೋಹೆಕ್ಸೇನ್ ಎಂದು ಬರೆದು, ಪಕ್ಕದಲ್ಲಿ ಷಡ್ಭುಜವನ್ನೂ ಬಿಡಿಸಿ, ಇದು ಪರ್ಯಾಪ್ತ, ಅಂದರೆ ಏಕಬಂಧಗಳು ಮಾತ್ರ ಇರುವ ಸಂಯುಕ್ತ ಎಂದಿದ್ದಾಳೆ. ಎರಡೂ ಉತ್ತರಗಳು ಸರಿಯೆಂದು ಒಪ್ಪುವುದಾದರೆ, ಅಣುಸೂತ್ರ ನೋಡಿ ಆಲ್ಕೀನನ್ನು ಗುರುತಿಸಿ ಎಂದು ನಾವು ಹೇಳಿಕೊಡುವುದರ ಅರ್ಥವೇನು?

ಎರಡನೆಯದು ಜ್ವಾಲೆ. ಪರ್ಯಾಪ್ತ ಹೈಡ್ರೋಕಾರ್ಬನ್ ಸ್ವಚ್ಛ ಜ್ವಾಲೆಯಿಂದ ಉರಿಯುತ್ತದೆ, ಅಪರ್ಯಾಪ್ತವು (ದ್ವಿಬಂಧ ಅಥವಾ ತ್ರಿಬಂಧ ಇರುವಂಥದ್ದು) ಮಸಿಯಿಂದ ಕೂಡಿದ ಹಳದಿ ಜ್ವಾಲೆ ಕೊಡುತ್ತದೆ ಎಂದು ಪಾಠ ಮಾಡಿದ ಮರುದಿನವೇ, ಮೇಣದಬತ್ತಿಯ ಮೇಣ ಆಲ್ಕೇನ್ ಆಗಿದ್ದರೂ ಅದು ಯಾಕೆ ಹಳದಿಯಾಗಿ ಉರಿದು ಮಸಿ ಹಿಡಿಸುತ್ತದೆ ಎಂದು ಮಕ್ಕಳು ಕೇಳಿದರು.

ಮೂರನೆಯದು ಪ್ರಯೋಗ: ಬ್ರೋಮಿನ್ ನೀರಿನ, ಅಂದರೆ ಬ್ರೋಮಿನ್ ಕರಗಿರುವ ಕಿತ್ತಳೆ ಬಣ್ಣದ ನೀರಿನ, ಬಣ್ಣವನ್ನು ಆಲ್ಕೀನ್ ತೆಗೆಯುತ್ತದೆ, ಆಲ್ಕೇನ್ ತೆಗೆಯುವುದಿಲ್ಲ ಎಂದು ತೋರಿಸಬೇಕು. ನಮ್ಮಲ್ಲಿ ಹೆಕ್ಸೇನ್, ಹೆಕ್ಸೀನ್ ಎರಡೂ ಇಲ್ಲ. ಆಲ್ಕೇನಿಗೆ ಪೆಟ್ರೋಲನ್ನೋ, ಮನೆಯ ಗೋಬರ್ ಗ್ಯಾಸನ್ನೋ ಉಪಯೋಗಿಸಬಹುದಲ್ಲವೇ ಎಂಬುದು ಮಕ್ಕಳ ಸಲಹೆ. ಇದು ಸರಿಹೋಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ

ಮೇಡಂ, ಮೊದಲ ಎರಡು ಸಂದೇಹಗಳಿಗೆ ನಾನು ಉತ್ತರಿಸುತ್ತೇನೆ. ಪ್ರಯೋಗದ ವಿಚಾರವನ್ನು ದಿನವೂ ಅದೇ ಕೆಲಸದಲ್ಲಿರುವವರು ಹೇಳಿದರೆ ಚೆನ್ನ.

ಆ ಹುಡುಗಿಗೆ ಪೂರ್ಣ ಅಂಕ ಕೊಡಿ, ಸಾಧ್ಯವಾದರೆ ಅವಳ ಉತ್ತರವನ್ನು ತರಗತಿಯಲ್ಲಿ ಓದಿಸಿ. ಹೈಡ್ರೋಜನ್ ಎಷ್ಟು ಕಡಿಮೆಯಿದೆ ಎಂಬುದನ್ನು ಅಣುಸೂತ್ರ ಹೇಳುತ್ತದೆ. ಯಾಕೆ ಕಡಿಮೆಯಾಯಿತು ಎಂಬುದನ್ನು ಅದು ಹೇಳಲಾರದು. ಕಾರ್ಬನ್ ಸಂಖ್ಯೆಯನ್ನು ಇಮ್ಮಡಿ ಮಾಡಿ 2 ಕೂಡಿಸಿದರೆ ಆ ಅಣು ಹಿಡಿದುಕೊಳ್ಳಬಹುದಾದ ಗರಿಷ್ಠ ಹೈಡ್ರೋಜನ್ ಸಂಖ್ಯೆ ಸಿಗುತ್ತದೆ. 6 ಕಾರ್ಬನ್‌ಗಳಿಗೆ ಅದು 14, ಅಂದರೆ ಹೆಕ್ಸೇನ್. ನಿಮ್ಮ ಪ್ರಶ್ನೆಯ ಸಂಯುಕ್ತದಲ್ಲಿ ಇರುವುದು 12, ಅಂದರೆ ಒಂದು ಜೊತೆ ಕಡಿಮೆ. ಒಂದು ಜೊತೆ ಹೈಡ್ರೋಜನ್ ಕಡಿಮೆಯಾಗಲು ಎರಡು ದಾರಿಗಳಿವೆ: ಪಕ್ಕಪಕ್ಕದ ಎರಡು ಕಾರ್ಬನ್‌ಗಳು ತಮ್ಮಲ್ಲೇ ಇನ್ನೊಂದು ಬಂಧ ಮಾಡಿಕೊಳ್ಳಬೇಕು, ಇಲ್ಲವೇ ಸರಪಳಿಯ ಎರಡು ಕಾರ್ಬನ್‌ಗಳು ಕೂಡಿಕೊಂಡು ಉಂಗುರವಾಗಬೇಕು. ಮೊದಲನೆಯದು ಆಲ್ಕೀನ್, ಎರಡನೆಯದು ಸೈಕ್ಲೋಆಲ್ಕೇನ್. ಕಾರ್ಬನ್‌ನ ಎರಡರಷ್ಟು ಹೈಡ್ರೋಜನ್ ಇದ್ದರೆ ಆಲ್ಕೀನ್ ಎಂಬ ಮಾತು ತೆರೆದ ಸರಪಳಿಯ ಸಂಯುಕ್ತಗಳಿಗೆ ಮಾತ್ರ ನಿಜ. ಪ್ರಶ್ನೆಯಲ್ಲಿ ‘ತೆರೆದ ಸರಪಳಿಯ’ ಎಂಬ ಎರಡು ಪದಗಳನ್ನು ಸೇರಿಸಿಬಿಟ್ಟರೆ ಜಗಳವೇ ಇರುವುದಿಲ್ಲ. ಸೇರಿಸದೆ ಕೇಳುವುದಾದರೆ ಎರಡು ಉತ್ತರಗಳನ್ನೂ ಒಪ್ಪಬೇಕು.

ಮಲೆನಾಡಿನ ಮಕ್ಕಳಿಗೆ ಈ ಲೆಕ್ಕವನ್ನು ತೋರಿಸಲು ತೋಟದಲ್ಲೇ ಉದಾಹರಣೆಗಳಿವೆ. ಕಿತ್ತಳೆ ಸಿಪ್ಪೆಯಲ್ಲಿ ಧಾರಾಳವಾಗಿ, ಕಾಳುಮೆಣಸಿನ ಎಣ್ಣೆಯಲ್ಲಿ ಒಂದು ಪಾಲಾಗಿ ಲಿಮೊನೀನ್ ಇರುತ್ತದೆ. ಅದರಲ್ಲಿ 10 ಕಾರ್ಬನ್, 16 ಹೈಡ್ರೋಜನ್. ಗರಿಷ್ಠ 22 ಇರಬೇಕಾದಲ್ಲಿ 16 ಇರುವುದರಿಂದ ಮೂರು ಜೊತೆ ಕಡಿಮೆ. ಅದರಲ್ಲಿ ಒಂದು ಉಂಗುರ, ಎರಡು ದ್ವಿಬಂಧಗಳು. ಏಲಕ್ಕಿಯ ಪರಿಮಳದಲ್ಲಿ ಮುಖ್ಯವಾದ ಸಿನಿಯೋಲ್‌ನಲ್ಲಿ 10 ಕಾರ್ಬನ್, 18 ಹೈಡ್ರೋಜನ್, 1 ಆಕ್ಸಿಜನ್. ಆಕ್ಸಿಜನ್ ಈ ಲೆಕ್ಕವನ್ನು ಬದಲಿಸುವುದಿಲ್ಲವಾದ್ದರಿಂದ ಎರಡು ಜೊತೆ ಕಡಿಮೆ. ಹಾಗೆಂದು ಅದರಲ್ಲಿ ದ್ವಿಬಂಧವನ್ನು ಹುಡುಕಿದರೆ ಒಂದೂ ಸಿಗುವುದಿಲ್ಲ, ಎರಡೂ ಉಂಗುರಗಳೇ. ಶುದ್ಧ ಲಿಮೊನೀನ್ ಬ್ರೋಮಿನ್‌ನ ಬಣ್ಣವನ್ನು ಕೂಡಲೇ ತೆಗೆಯುತ್ತದೆ. ಶುದ್ಧ ಸಿನಿಯೋಲ್ ಹಾಗೆ ತೆಗೆಯುವುದಿಲ್ಲ.

ದ್ವಿಬಂಧಕ್ಕೂ ಉಂಗುರಕ್ಕೂ ಈ ವ್ಯತ್ಯಾಸ ಯಾಕೆ ಎಂದು ಮಕ್ಕಳು ಕೇಳಿದರೆ ಬಂಧಶಕ್ತಿಯ ಅಂಕಿಗಳನ್ನು ಕೊಡಿ. ಕಾರ್ಬನ್‌–ಕಾರ್ಬನ್ ಏಕಬಂಧವನ್ನು ಮುರಿಯಲು ಒಂದು ಮೋಲ್‌ಗೆ ಸುಮಾರು 348 ಕಿಲೋಜೌಲ್ ಬೇಕು, ದ್ವಿಬಂಧವನ್ನು ಪೂರ್ತಿಯಾಗಿ ಮುರಿಯಲು ಸುಮಾರು 614 ಕಿಲೋಜೌಲ್ ಬೇಕು. ದ್ವಿಬಂಧವು ಏಕಬಂಧದ ಎರಡರಷ್ಟು ಗಟ್ಟಿಯಾಗಿದ್ದರೆ ಈ ಸಂಖ್ಯೆ 696 ಆಗಬೇಕಿತ್ತು. ಎರಡನೆಯ ಬಂಧದ ಪಾಲಿಗೆ ಉಳಿಯುವುದು ಸುಮಾರು 266 ಮಾತ್ರ. ಬ್ರೋಮಿನ್ ಬಂದಾಗ ಬಿಚ್ಚಿಕೊಳ್ಳುವುದು ಈ ದುರ್ಬಲವಾದ ಎರಡನೆಯ ಬಂಧ. ಕಾರ್ಬನ್ ಸರಪಳಿ ತುಂಡಾಗದೆ, ಒಂದು ಹೈಡ್ರೋಜನ್ನೂ ಹೊರಗೆ ಹೋಗದೆ, ಬ್ರೋಮಿನ್ ಬಂದು ಕೂಡಿಕೊಳ್ಳುತ್ತದೆ. ಇದೇ ಸಂಕಲನ ಕ್ರಿಯೆ. ಸೈಕ್ಲೋಹೆಕ್ಸೇನಿನ ಉಂಗುರದಲ್ಲಿರುವುದೆಲ್ಲ ಗಟ್ಟಿ ಏಕಬಂಧಗಳಾದ್ದರಿಂದ ಅಲ್ಲಿ ಇದು ನಡೆಯುವುದಿಲ್ಲ.

ಇನ್ನು ಜ್ವಾಲೆ. ಪಠ್ಯದಲ್ಲಿ ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಗುರುತಿಸುವ ಪರೀಕ್ಷೆಯಾಗಿ ಅದನ್ನು ನೆಚ್ಚಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಸಿ ಬರುವುದು ಕಾರ್ಬನ್ ಪೂರ್ತಿ ಉರಿಯದೆ ಉಳಿದಾಗ. ತೂಕದ ಲೆಕ್ಕದಲ್ಲಿ ಮೀಥೇನಿನಲ್ಲಿ ಕಾರ್ಬನ್ ಶೇಕಡ 75, ಬೆಂಜೀನಿನಲ್ಲಿ ಶೇಕಡ 92.3, ಇವೆರಡರ ಜ್ವಾಲೆಗಳನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಹೆಕ್ಸೇನಿನಲ್ಲಿ ಕಾರ್ಬನ್ ಶೇಕಡ 83.7, ಹೆಕ್ಸೀನಿನಲ್ಲಿ ಶೇಕಡ 85.7. ಈ 2ರ ಅಂತರವನ್ನು ಬರಿಗಣ್ಣಿನಲ್ಲಿ ಜ್ವಾಲೆ ನೋಡಿ ಹೇಳುತ್ತೇನೆ ಎಂಬುವವರನ್ನು ನಾನು ನಂಬುವುದಿಲ್ಲ. ಮೇಣದಬತ್ತಿಯ ಮೇಣದ ಆಲ್ಕೇನುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರ್ಬನ್‌ಗಳಿರುವುದರಿಂದ ಅವುಗಳ ಕಾರ್ಬನ್ ಪ್ರಮಾಣ ಆಲ್ಕೀನಿನ ಹತ್ತಿರಕ್ಕೇ ಬರುತ್ತದೆ. ಮೇಲಾಗಿ, ಬತ್ತಿಯ ಸುತ್ತ ಮೇಣದ ಆವಿಗೆ ಗಾಳಿ ಮೊದಲೇ ಬೆರೆಯುವುದಿಲ್ಲ. ಗೋಬರ್ ಗ್ಯಾಸ್ ಒಲೆಯಲ್ಲೂ ಅಷ್ಟೆ: ಗಾಳಿಯ ರಂಧ್ರ ಕಟ್ಟಿಕೊಂಡರೆ ನೀಲಿ ಜ್ವಾಲೆ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತದೆ, ಒಳಗೆ ಉರಿಯುತ್ತಿರುವುದು ಅದೇ ಮೀಥೇನ್. ಜ್ವಾಲೆಯ ಬಣ್ಣ ಇಂಧನದ ಗುಣವನ್ನು ಹೇಳುವಷ್ಟೇ ಗಾಳಿಯ ಪೂರೈಕೆಯನ್ನೂ ಹೇಳುತ್ತದೆ. ಪರೀಕ್ಷೆಗೆ ಬೇಕಾದಷ್ಟನ್ನು ಬರೆಸಿ, ಜೊತೆಗೆ ಈ ಮಾತನ್ನೂ ಹೇಳಿ.

ಕುದಿಬಿಂದುವಿನಿಂದಲೂ ಉಪಯೋಗವಿಲ್ಲ. ಹೆಕ್ಸೇನ್ 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಮೊದಲ ಕಾರ್ಬನ್‌ನಲ್ಲಿ ದ್ವಿಬಂಧವಿರುವ ಹೆಕ್ಸೀನ್ ಸುಮಾರು 63ರಲ್ಲಿ ಕುದಿಯುತ್ತದೆ.

ಉತ್ತರ 2: ಪ್ರಯೋಗಾಲಯ ಸಹಾಯಕ, ತೀರ್ಥಹಳ್ಳಿ

ಮೇಷ್ಟ್ರು ಹೇಳಿದ ಮೇಲೆ ನನಗೆ ಉಳಿದಿರುವುದು ಸೀಸೆ, ಪ್ರನಾಳಗಳ ಮಾತು.

ಪೆಟ್ರೋಲ್ ಖಂಡಿತ ಬೇಡ. ಬೆಂಕಿಯ ಅಪಾಯ ಒಂದು ಕಡೆಗಿರಲಿ, ಅದು ಆಲ್ಕೇನಿಗೆ ಉದಾಹರಣೆಯೇ ಅಲ್ಲ. ಬಿಎಸ್‌-6 ಮಾನದಂಡದ ಪ್ರಕಾರ ಸಾಧಾರಣ ಪೆಟ್ರೋಲಿನಲ್ಲಿ ಶೇಕಡ 21ರವರೆಗೆ ಆಲ್ಕೀನುಗಳಿರಬಹುದು. ಬ್ರೋಮಿನ್ ನೀರಿನ ಬಣ್ಣ ಹೋದಾಗ ಮಕ್ಕಳು ಆಲ್ಕೇನೂ ಬಣ್ಣ ತೆಗೆಯುತ್ತದೆ ಎಂದೇ ಬರೆದುಕೊಳ್ಳುತ್ತಾರೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಇರುವುದು ನಿಜ, ಆದರೆ ಜೊತೆಗೆ ಹೈಡ್ರೋಜನ್ ಸಲ್ಫೈಡೂ ಇರುತ್ತದೆ. ಅದು ಬ್ರೋಮಿನ್ ನೀರಿನ ಬಣ್ಣವನ್ನೂ ದ್ವಿಬಂಧದ ಪರೀಕ್ಷೆಗೆ ಬಳಸುವ ಇನ್ನೊಂದು ಬಣ್ಣದ ದ್ರಾವಣವಾದ ಪರ್ಮಾಂಗನೇಟಿನ ಬಣ್ಣವನ್ನೂ ತೆಗೆದುಬಿಡುತ್ತದೆ. ಅಡುಗೆ ಅನಿಲದಲ್ಲಿ ವಾಸನೆಗಾಗಿ ಸೇರಿಸಿದ ಗಂಧಕದ ಸಂಯುಕ್ತವಿದೆ, ತೈಲ ಶುದ್ಧೀಕರಣ ಘಟಕದಿಂದ ಬಂದದ್ದಾದರೆ ಪ್ರೊಪೀನ್ ಎಂಬ ಆಲ್ಕೀನ್ ಕೂಡ ಇರಬಹುದು. ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ ತೆಗೆದುಕೊಳ್ಳಿ. ಚೆನ್ನಾಗಿ ಶುದ್ಧೀಕರಿಸಿದ ಪರ್ಯಾಪ್ತ ಹೈಡ್ರೋಕಾರ್ಬನ್‌ಗಳ ಮಿಶ್ರಣ ಅದು, ಬೆಲೆಯೂ ಕಡಿಮೆ. ಬೇರೇನನ್ನೂ ಸೇರಿಸಿರದ, ಬರಿಯ ಪ್ಯಾರಾಫಿನ್ ಇರುವ ಸೀಸೆಯನ್ನೇ ಕೇಳಿ ಪಡೆಯಿರಿ.

ಆಲ್ಕೀನನ್ನು ಅದೇ ಪ್ಯಾರಾಫಿನ್‌ನಿಂದ ಮಾಡಿಕೊಳ್ಳಬಹುದು. ಗಟ್ಟಿ ಗಾಜಿನ ಪ್ರನಾಳದ ತಳದಲ್ಲಿ ಗ್ಲಾಸ್ ವೂಲ್ ಇಟ್ಟು, ಅದಕ್ಕೆ 2 ಮಿಲಿಲೀಟರ್‌ನಷ್ಟು ಪ್ಯಾರಾಫಿನ್ ಹೀರಿಸಿ, ಪ್ರನಾಳವನ್ನು ಬಹುತೇಕ ಅಡ್ಡವಾಗಿ ಸ್ಟ್ಯಾಂಡಿಗೆ ಕಟ್ಟಿ. ನಡುಭಾಗದಲ್ಲಿ ಹಳೆಯ ಹೆಂಚಿನ ಚೂರುಗಳನ್ನು ಹರಡಿ. ನಮ್ಮ ಕಡೆ ಮಾಡಿನಿಂದ ಬಿದ್ದ ಹೆಂಚಿಗೆ ಬರವಿಲ್ಲ, ಪಾಚಿ ಕೆರೆದು ಒಣಗಿಸಿದರೆ ಸಾಕು. ಬಿರಡೆಯಿಂದ ಹೊರಟ ನಳಿಕೆಯ ತುದಿ ನೀರಿನ ತೊಟ್ಟಿಯಲ್ಲಿರಲಿ. ಹೆಂಚಿನ ಚೂರುಗಳನ್ನು ಚೆನ್ನಾಗಿ ಕಾಯಿಸುತ್ತಾ, ಆಗೊಮ್ಮೆ ಈಗೊಮ್ಮೆ ಜ್ವಾಲೆಯನ್ನು ಗ್ಲಾಸ್ ವೂಲ್ ಕಡೆಗೆ ಸರಿಸಿದರೆ, ಪ್ಯಾರಾಫಿನ್‌ನ ಆವಿ ಕಾದ ಹೆಂಚಿನ ಮೇಲೆ ಹಾದು ಉದ್ದ ಸರಪಳಿಗಳು ತುಂಡಾಗುತ್ತವೆ, ಆ ತುಂಡುಗಳಲ್ಲಿ ಆಲ್ಕೀನುಗಳೂ ಇರುತ್ತವೆ. ನಳಿಕೆಯ ತುದಿಯ ಮೇಲೆ ನೀರು ತುಂಬಿ ಬೋರಲಿಟ್ಟ ಪ್ರನಾಳಗಳಲ್ಲಿ ಅನಿಲವನ್ನು ಹಿಡಿಯಿರಿ. ಮೊದಲು ತುಂಬಿದ ಪ್ರನಾಳದಲ್ಲಿರುವುದು ಬರಿಯ ಗಾಳಿ, ಅದನ್ನು ಚೆಲ್ಲಿಬಿಡಿ. ಮುಂದಿನದನ್ನು ಮುಚ್ಚಿ ಹೊರತೆಗೆದು, ನಾಲ್ಕಾರು ಹನಿ ಬ್ರೋಮಿನ್ ನೀರು ಹಾಕಿ ಬಿರಡೆಯೊತ್ತಿ ಕುಲುಕಿದರೆ ಕಿತ್ತಳೆ ಬಣ್ಣ ಹೋಗಿಬಿಡುತ್ತದೆ. ಕಾಯಿಸುವುದನ್ನು ನಿಲ್ಲಿಸುವ ಮೊದಲು ನಳಿಕೆಯ ತುದಿಯನ್ನು ನೀರಿನಿಂದ ಮೇಲೆತ್ತಲೇಬೇಕು. ಇಲ್ಲದಿದ್ದರೆ ತಣ್ಣೀರು ಹಿಂದಕ್ಕೆ ಎಳೆದುಕೊಂಡು ಕಾದ ಪ್ರನಾಳ ಒಡೆಯುತ್ತದೆ. ಇದನ್ನು ಶಿಕ್ಷಕರೇ ಮಾಡಿ ತೋರಿಸಬೇಕು, ಕನ್ನಡಕ ಹಾಕಿಕೊಂಡಿರಬೇಕು.

ಪ್ಯಾರಾಫಿನ್‌ನೊಂದಿಗೆ ಬ್ರೋಮಿನ್ ನೀರನ್ನು ಕುಲುಕಿದಾಗ ಏನು ಕಾಣುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಎರಡು ಪದರಗಳಾಗುತ್ತವೆ, ನೀರು ಕೆಳಗೆ, ಪ್ಯಾರಾಫಿನ್ ಮೇಲೆ. ಬ್ರೋಮಿನ್ ನೀರಿಗಿಂತ ಹೈಡ್ರೋಕಾರ್ಬನ್‌ನಲ್ಲಿ ಹೆಚ್ಚು ಕರಗುವುದರಿಂದ ಬಣ್ಣ ಕೆಳಗಿನಿಂದ ಮೇಲಿನ ಪದರಕ್ಕೆ ಹತ್ತಿಕೊಳ್ಳುತ್ತದೆ. ನೀರಿನ ಪದರವನ್ನಷ್ಟೇ ನೋಡಿದವರು ಬಣ್ಣ ಹೋಯಿತು, ಆಲ್ಕೀನ್ ಇದೆ ಎಂದು ಬರೆಯುತ್ತಾರೆ. ಎರಡೂ ಪದರಗಳು ಬಣ್ಣ ಕಳೆದುಕೊಂಡರೆ ಮಾತ್ರ ಫಲಿತಾಂಶ ಧನಾತ್ಮಕ.

ಬೆಳಕಿನ ಬಗ್ಗೆಯೂ ಎಚ್ಚರ ಬೇಕು. ಮಳೆಗಾಲದ ಮೋಡದಲ್ಲಿ ಆಲ್ಕೇನಿನ ಪ್ರನಾಳ ಬಹಳ ಹೊತ್ತು ಕಿತ್ತಳೆಯಾಗಿಯೇ ಇರುತ್ತದೆ. ಅದನ್ನೇ ಫೆಬ್ರವರಿಯ ಬಿಸಿಲಿಗೆ ಜಗುಲಿಯಲ್ಲಿಟ್ಟರೆ ಬಣ್ಣ ನಿಧಾನವಾಗಿ ಹೋಗುತ್ತದೆ. ಅದು ಆದೇಶನ ಕ್ರಿಯೆ: ಬ್ರೋಮಿನ್ ಒಂದು ಹೈಡ್ರೋಜನ್ನಿನ ಜಾಗವನ್ನು ತಾನು ಹಿಡಿದು, ಹೈಡ್ರೋಜನ್ ಬ್ರೋಮೈಡನ್ನು ಹೊರಹಾಕುತ್ತದೆ. ಅದಕ್ಕಾಗಿ ನಾವು ಆಲ್ಕೇನಿನ ಎರಡು ಪ್ರನಾಳಗಳನ್ನು ಸಿದ್ಧಮಾಡಿ, ಒಂದಕ್ಕೆ ಕಪ್ಪು ಕಾಗದ ಸುತ್ತಿ ಇಡುತ್ತೇವೆ.

ದ್ರವ ಬ್ರೋಮಿನನ್ನು ಶಾಲೆಗೆ ತರಿಸಲೇಬೇಡಿ. ಪೊಟ್ಯಾಸಿಯಂ ಬ್ರೋಮೈಡ್, ಪೊಟ್ಯಾಸಿಯಂ ಬ್ರೋಮೇಟ್‌ಗಳ ಸಾರರಿಕ್ತ ದ್ರಾವಣಗಳನ್ನು ಬೆರೆಸಿ ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಬೇಕಾದಷ್ಟೇ ಬ್ರೋಮಿನ್ ನೀರು ಅಲ್ಲೇ ಸಿದ್ಧವಾಗುತ್ತದೆ. ತೆರೆದ ಜಾಗದಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಚೆಲ್ಲಿದರೆ ಮೇಲೆ ಸುರಿಯಲು ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಪಕ್ಕದಲ್ಲಿರಲಿ.

ಉತ್ತರ 3: ಕೃಷಿಕ, ಸಾಗರ

ನಾನು ಬಿ.ಎಸ್ಸಿ. ಓದಿ ತೋಟಕ್ಕೆ ಮರಳಿದವನು. ಮನೆಯಲ್ಲಿರುವ ಎಣ್ಣೆಗಳ ವಿಷಯವನ್ನು ಸೇರಿಸಲೇ? ಅವು ಆಲ್ಕೇನ್, ಆಲ್ಕೀನ್‌ಗಳಲ್ಲ, ಕೊಬ್ಬಿನಾಮ್ಲಗಳ ಎಸ್ಟರುಗಳು. ಆದರೆ ದ್ವಿಬಂಧದ ಪರೀಕ್ಷೆ ಒಂದೇ.

ಗಟ್ಟಿಯಾಗಿದ್ದರೆ ಪರ್ಯಾಪ್ತ, ದ್ರವವಾಗಿದ್ದರೆ ಅಪರ್ಯಾಪ್ತ ಎಂದು ಮಕ್ಕಳು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಮ್ಮ ಮನೆಗಳಲ್ಲಿ ಹಿಮ್ಮಡಿ ಒಡೆದಾಗ ಹಚ್ಚುವ ಮುರುಗಲ ತುಪ್ಪ (ಮುರುಗಲು ಅಂದರೆ ಕೋಕಂ ಬೀಜದ ಕೊಬ್ಬು) ಬೇಸಿಗೆಯಲ್ಲೂ ಗಟ್ಟಿ ಉಂಡೆಯಾಗಿಯೇ ಇರುತ್ತದೆ. ಆದರೂ ಅದರ ಕೊಬ್ಬಿನಾಮ್ಲಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಒಲೀಕ್ ಆಮ್ಲ, ಅಂದರೆ ಒಂದು ದ್ವಿಬಂಧ ಇರುವಂಥದ್ದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಮೇಲೆ ನೀರಿನಂತೆ ಹರಿಯುತ್ತದೆ, ಚಳಿಗಾಲದಲ್ಲಿ ಸೀಸೆಯಲ್ಲೇ ಗಟ್ಟಿಯಾಗುತ್ತದೆ. ಅದರಲ್ಲಿ ಶೇಕಡ 90ರಷ್ಟು ಪರ್ಯಾಪ್ತ ಆಮ್ಲಗಳೇ, ಆದರೆ ಅವುಗಳ ಸರಪಳಿಗಳು ಚಿಕ್ಕವು. 100 ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂಬುದನ್ನು ಅಯೋಡಿನ್ ಮೌಲ್ಯ ಎನ್ನುತ್ತಾರೆ. ತೆಂಗಿನೆಣ್ಣೆಗೆ ಅದು ಸುಮಾರು 6ರಿಂದ 11, ಸೂರ್ಯಕಾಂತಿ ಎಣ್ಣೆಗೆ ಸುಮಾರು 120ರಿಂದ 140. ಮುರುಗಲ ತುಪ್ಪ ಗಟ್ಟಿಯಾಗಿದ್ದರೂ ತೆಂಗಿನೆಣ್ಣೆಗಿಂತ ಎಷ್ಟೋ ಹೆಚ್ಚು ಅಯೋಡಿನ್ ಹಿಡಿಯುತ್ತದೆ.

ಟಿಂಕ್ಚರ್ ಅಯೋಡಿನ್‌ನ ಕೆಲವು ಹನಿಗಳನ್ನು ಬೆಚ್ಚಗಿನ ಎಣ್ಣೆಗೆ ಹಾಕಿ ಇದನ್ನು ತೋರಿಸಬಹುದು, ಆದರೆ ಅಯೋಡಿನ್ ಬ್ರೋಮಿನ್‌ನಷ್ಟು ಚುರುಕಲ್ಲದ ಕಾರಣ ಸಾಕಷ್ಟು ಕಾಯಬೇಕಾಗುತ್ತದೆ. ಗಾಣದ ಎಣ್ಣೆಗಿಂತ ಶುದ್ಧೀಕರಿಸಿದ ಎಣ್ಣೆ ಒಳ್ಳೆಯದು. ಗಾಣದ ಎಣ್ಣೆಯಲ್ಲಿರುವ ಇತರ ಪದಾರ್ಥಗಳೂ ಬಣ್ಣವನ್ನು ತಿನ್ನಬಹುದು.

ಮರುಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹೊಸನಗರ ತಾಲ್ಲೂಕು

ಮೂವರಿಗೂ ಧನ್ಯವಾದಗಳು. ಹೆಂಚಿನ ಚೂರಿನ ಪ್ರಯೋಗವನ್ನು ಮಾಡಿಯೇ ತೋರಿಸುತ್ತೇನೆ. ಇನ್ನೆರಡು ಮಾತು ಕೇಳಬೇಕಿದೆ. ಎಥನಾಲನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ 443 ಕೆಲ್ವಿನ್‌ಗೆ ಕಾಯಿಸಿದರೆ ಎರಡು ಕಾರ್ಬನ್ನಿನ ಆಲ್ಕೀನ್ ಆದ ಈಥೀನ್ ಬರುತ್ತದೆ ಎಂದು ಪಠ್ಯದಲ್ಲಿದೆ, ಅದೇ ಸುಲಭವಲ್ಲವೇ? ಬಾಳೆಗೊನೆ ಹಣ್ಣಾಗುವಾಗ ಈಥೀನ್ ಬರುತ್ತದಲ್ಲ, ಅದನ್ನು ಚೀಲದಲ್ಲಿ ಹಿಡಿದು ಪರೀಕ್ಷಿಸಬಹುದೇ ಎಂದೂ ಒಬ್ಬ ಹುಡುಗ ಕೇಳಿದ್ದಾನೆ. ಬ್ರೋಮಿನ್ ಬೇಡವೆನಿಸಿದರೆ ಪರ್ಮಾಂಗನೇಟ್ ಸಾಕೇ?

ಉತ್ತರ 4: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ

ಎಥನಾಲಿನ ದಾರಿ ಸಮೀಕರಣ ಬರೆಯಲು ಸುಲಭ, ಮಾಡಿ ತೋರಿಸಲು ಕಷ್ಟ. ಕಾದ ಸಾರೀಕೃತ ಆಮ್ಲದ ಅಪಾಯ ಇದ್ದೇ ಇದೆ. ಅದಕ್ಕಿಂತ ಸೂಕ್ಷ್ಮವಾದ ತೊಂದರೆಯೆಂದರೆ, ಆಮ್ಲವು ಎಥನಾಲನ್ನು ಒಂದಿಷ್ಟು ಕರಿದುಮಾಡಿ ಸಲ್ಫರ್ ಡೈಆಕ್ಸೈಡನ್ನು ಬಿಡುತ್ತದೆ, ಮತ್ತು ಆ ಅನಿಲ ಬ್ರೋಮಿನ್ ನೀರು, ಪರ್ಮಾಂಗನೇಟ್ ಎರಡರ ಬಣ್ಣವನ್ನೂ ಆಲ್ಕೀನಿನಂತೆಯೇ ತೆಗೆಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಹಾಯಿಸಿ ತೊಳೆಯದಿದ್ದರೆ ಬಣ್ಣ ತೆಗೆದವರು ಯಾರೆಂದು ಹೇಳಲಾಗದು.

ಪರ್ಮಾಂಗನೇಟ್ ಸಾಕು, ಆದರೆ ಅದನ್ನು ಹದವಾಗಿ ಬಳಸಬೇಕು. ಅಡಾಲ್ಫ್ ಫಾನ್ ಬೇಯರ್ ಅವರ ಹೆಸರಿನ ಈ ಪರೀಕ್ಷೆಯಲ್ಲಿ ದ್ರಾವಣ ತಣ್ಣಗಿರಬೇಕು, ತೆಳು ಗುಲಾಬಿ ಬಣ್ಣ ಬರುವಷ್ಟು ಸಾರರಿಕ್ತವಾಗಿರಬೇಕು, ಸ್ವಲ್ಪ ಕ್ಷಾರೀಯವಾಗಿರಬೇಕು. ದ್ವಿಬಂಧವಿದ್ದರೆ ಬಣ್ಣ ಹೋಗುವುದಷ್ಟೇ ಅಲ್ಲ, ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಪ್ರಕ್ಷೇಪವೂ ಕಾಣುತ್ತದೆ. ಆಲ್ಡಿಹೈಡುಗಳೂ ಹೀಗೆಯೇ ಮಾಡುತ್ತವೆ, ಬಿಸಿಮಾಡಿದರೆ ಎಥನಾಲೂ ಮಾಡುತ್ತದೆ. ಆದ್ದರಿಂದ ಮಾದರಿ ಹೈಡ್ರೋಕಾರ್ಬನ್ ಎಂದು ಮೊದಲೇ ಗೊತ್ತಿದ್ದಾಗ ಮಾತ್ರ ಈ ಫಲಿತಾಂಶವನ್ನು ದ್ವಿಬಂಧವೆಂದು ಓದಬೇಕು.

ಬಾಳೆಯ ಈಥೀನ್ ಬಗ್ಗೆ ಕೇಳಿದ ಹುಡುಗನ ಯೋಚನೆ ಚೆನ್ನಾಗಿದೆ, ಆದರೆ ಪ್ರಮಾಣ ಸಾಲದು. ಹಣ್ಣು ಮಾಗಿಸುವ ಕೋಣೆಗಳಲ್ಲಿ ಹೊರಗಿನಿಂದ ಬಿಡುವ ಈಥೀನ್ ಕೂಡ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ಮಾತ್ರ. ಚೀಲದ ಗಾಳಿಗೆ ಬ್ರೋಮಿನ್ ನೀರಿನ ಬಣ್ಣ ಅಲುಗಾಡುವುದಿಲ್ಲ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿದರೆ ಬರುವ ಅಸಿಟಿಲೀನ್ ಆಲ್ಕೈನ್ (ತ್ರಿಬಂಧವಿರುವ ಹೈಡ್ರೋಕಾರ್ಬನ್) ಆದ್ದರಿಂದ ಬಣ್ಣ ತೆಗೆಯುತ್ತದೆ, ಆದರೆ ಆಲ್ಕೀನಿಗೆ ಉದಾಹರಣೆಯಾಗಿ ಅದನ್ನು ತೋರಿಸುವಂತಿಲ್ಲ. ದ್ವಿಬಂಧ, ತ್ರಿಬಂಧಗಳನ್ನು ಬ್ರೋಮಿನ್ ನೀರು ಬೇರ್ಪಡಿಸಿ ಹೇಳುವುದಿಲ್ಲ. ಅದಕ್ಕೆ ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟಿನ ಪರೀಕ್ಷೆ ಇದೆ. ತುದಿಯಲ್ಲಿ ತ್ರಿಬಂಧವಿರುವ ಆಲ್ಕೈನ್ ಬಿಳಿಯ ಪ್ರಕ್ಷೇಪ ಕೊಡುತ್ತದೆ, ಆಲ್ಕೀನ್ ಕೊಡುವುದಿಲ್ಲ. ಆ ಪ್ರಕ್ಷೇಪ ಒಣಗಿದರೆ ಸಿಡಿಯುವ ವಸ್ತುವಾದ್ದರಿಂದ ಪ್ರೌಢಶಾಲೆಯಲ್ಲಿ ಅದನ್ನು ಮಾಡಲು ಹೋಗಬೇಡಿ, ಹಲಗೆಯ ಮೇಲೆ ಬರೆದು ತೋರಿಸಿದರೆ ಸಾಕು.